ಪಿನ್ ಕೂತರೆ ಸಾಕೇನ್ರೀ?

ಕಲಬುರಗಿ ಸೂಪರ್ ಮಾರ್ಕೆಟ್‌ನಾಗ ಒಂದು ಅಂಗಡಿಗೆ ಹೋಗಿ, ‘ಅಣ್ಣಾ, ಅಮೆರಿಕಕ್ಕ ಹೊಂಟೀನಿ, ಹೇರ್ ಡ್ರೈಯರ್‌ಗೆ ಅಡಾಪ್ಟರ್ ಬೇಕು’ ಅಂತ ಬಿಡಿಸಿ ಹೇಳಿದ್ದೆ. ‘ತಗೋರಿ ಅಕ್ಕಾ, ಎಲ್ಲಾ ದೇಶದಾಗೂ ನಡೀತದ’ ಅಂದ.

ಪಿನ್ ಏನೋ ಕೂತಿತು. ಗಾಳಿ ಮಾತ್ರ ಬಿಸಿನೇ ಇಲ್ಲ. ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮಲ್ಲಿ 230. ವೋಲ್ಟೇಜ್ ಅರ್ಧಕ್ಕಿಳಿದ್ರ ಬಿಸಿ ಅರ್ಧ ಆಗಂಗಿಲ್ಲ, ಕಾಲು ಭಾಗಕ್ಕ ಬೀಳ್ತದ. ನನ್ನ 1200 ವ್ಯಾಟಿನ ಡ್ರೈಯರ್ ಅಲ್ಲಿ ಮುನ್ನೂರು ಚಿಲ್ಲರೆ ವ್ಯಾಟಿಗೆ ಇಳೀತು. ಸೊಂಟದ ತನಕ ಕೂದಲು, ಎರಕೊಂಡ ತಲಿ, ಹೊರಗ ಹಿಮ. ತಂಗಿ ಸೀಮಂತದ ದಿನ ಹಸಿ ಜಡಿ ಹಾಕ್ಕೊಂಡು ನಡುಗ್ತಾ ಕೂತೆ.

ಇಷ್ಟೇ ಆಗಿದ್ರ ಸಹಿಸ್ತಿದ್ದೆ. ಮರುವರ್ಷ ಶರಣಬಸವೇಶ್ವರ ಜಾತ್ರಿಗೆ ಬಂದ ತಂಗಿ ಅಲ್ಲಿಯ ಡ್ರೈಯರ್ ತಂದಿದ್ದಳು. ಅದೇ ನಂಬಿಕಿ ಮ್ಯಾಲ ನಮ್ಮನಿ ಪ್ಲಗ್ಗಿಗೆ ಹಾಕಿದಳು. ಕಿಡಿ, ಸುಟ್ಟ ವಾಸನಿ, ಪಕ್ಕದಾಗ ಕೂಸು!

ಅಡಾಪ್ಟರ್ ಪಿನ್ನಿನ ಆಕಾರ ಅಷ್ಟೇ ಹೊಂದಿಸ್ತದ, ವೋಲ್ಟೇಜ್ ಬದಲು ಮಾಡಂಗಿಲ್ಲ. ಫೋನ್ ಚಾರ್ಜರ್ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ತನಕ ತಡೀತದ, ಒಂದೇ ವೋಲ್ಟೇಜಿನ ಡ್ರೈಯರ್ ತಡಿಯಂಗಿಲ್ಲ. ಎರಡಕ್ಕೂ ನಡಿಯೋ ಡ್ರೈಯರ್ ಬೇರೇನೇ ಸಿಗ್ತಾವ. ಇದನ್ನ ಅಡಾಪ್ಟರ್ ಡಬ್ಬಿ ಮ್ಯಾಲ ಕನ್ನಡದಾಗ ಒಂದು ಸಾಲು ಬರೆದ್ರ ಏನು ಖರ್ಚಾಗ್ತದ? ಮಾರುವವರು ಬಾಯಿಬಿಟ್ಟು ಹೇಳಿದ್ರ ಏನು ಹೋಗ್ತದ? ಹೆಣ್ಮಕ್ಕಳ ಕೂದಲಿನ ಸಾಮಾನು ಅಂತ ಯಾರಿಗೂ ಲೆಕ್ಕಕ್ಕೇ ಇಲ್ಲ. ಆ ಕೂಸಿನ ಮುಖ ನೆನಪಾದಾಗೆಲ್ಲ ನನಗ ಸಿಟ್ಟು ಬರ್ತದ.