ಕಾರಿನ ಕಣ್ಣಿನ ಪೊರೆ

ನಮ್ಮ ಕಾರಿಗೆ ಈಗ 19 ವರ್ಷ. ಎಂಜಿನ್ನು ಕೆಮ್ಮುವುದಿಲ್ಲ, ಬಣ್ಣ ಅಷ್ಟಾಗಿ ಮಾಸಿಲ್ಲ. ಆದರೆ ಒಂದು ಕಾಲದಲ್ಲಿ ಬೆಳ್ಳಿಯ ಅಂಚಿನಂತೆ ಹೊಳೆಯುತ್ತಿದ್ದ ಕಿಟಕಿಗಳ ಸುತ್ತಲಿನ ಲೋಹದ ಬೀಡಿಂಗ್ ಪಟ್ಟಿ ಮಾತ್ರ ವರ್ಷದಿಂದ ವರ್ಷಕ್ಕೆ ಬೂದಿ ಬಳಿದಂತಾಗಿ, ಅಲ್ಲಲ್ಲಿ ಹಾಲು ಚೆಲ್ಲಿ ಒಣಗಿದಂಥ ಕಲೆಗಳನ್ನೂ ಮೂಡಿಸಿಕೊಂಡು, ಇಡೀ ಕಾರಿಗೆ ಪೊರೆ ಬಂದ ಕಣ್ಣುಗಳ ಮುದುಕನ ಕಳೆಯನ್ನು ತಂದುಕೊಟ್ಟಿತ್ತು. ಒಂದು ಭಾನುವಾರ ಬೆಳಿಗ್ಗೆ ಆ ಪೊರೆಯನ್ನು ತೆಗೆದೇಬಿಡುವುದೆಂದು ನಾನು ನಿಶ್ಚಯಿಸಿದೆ. ಈ ಶಸ್ತ್ರಚಿಕಿತ್ಸೆಗೆ ನನಗಿದ್ದ ಅರ್ಹತೆ ಒಂದು ಬಕೆಟ್ಟು ಮತ್ತು ಅರ್ಧ ದಿನದ ಬಿಡುವು.

ಸೋಪಿನ ನೀರಿನಿಂದ ಉಜ್ಜಿ ತೊಳೆದ ಕೂಡಲೇ ಪಟ್ಟಿ ಫಳಫಳ ಹೊಳೆಯಿತು. ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಮುಂದೂಡಿದೆನಲ್ಲ ಎಂದು ಹಿಗ್ಗಿ ಹೆಂಡತಿಯನ್ನು ಕರೆದೆ. ಅವಳು ಕೈಯಲ್ಲಿದ್ದ ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ನೀರು ಆರಿ, ಬೂದಿಬಣ್ಣ ಮರಳಿ ಬಂದಿತ್ತು. ಮತ್ತೆ ತೊಳೆದೆ, ಮತ್ತೆ ಕರೆದೆ, ಮತ್ತೆ ಆರಿತು. ಮೂರನೆಯ ಸಲ ಅವಳು ಬಾಗಿಲಿನಲ್ಲೇ ನಿಂತು, “ರೀ, ಒದ್ದೆಯಾದರೆ ಕಲ್ಲೂ ಹೊಳೆಯುತ್ತದೆ” ಎಂದು ಹೇಳಿ ಒಳಗೆ ಹೋದಳು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲಿ ಎಂಬ ಗಾದೆಯನ್ನು ಕಟ್ಟಿದವನು ಕಿಟಕಿಯ ಪಟ್ಟಿಯನ್ನು ತೊಳೆದು ನೋಡಿದವನೇ ಇರಬೇಕು.

ಮುಂದಿನ ಮದ್ದನ್ನು ಸೂಚಿಸಿದವಳು ಮಗಳು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ, ಉಕ್ಕಿನ ಮೇಲೆ ಕೊಡುವ ಹೊಳಪಿನ ಲೇಪವಾದ ಕ್ರೋಮ್ ಮೇಲಿನ ತುಕ್ಕು ಹೋಗುತ್ತದೆ ಎಂದಳು. ಮಾತೇನೋ ನಿಜ, ಹಾಳೆ ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವ ಭಯವೂ ಕಡಿಮೆ. ಅರ್ಧ ಸುರುಳಿ ಹಾಳೆ ಮುಗಿದರೂ ಪಟ್ಟಿ ಜಪ್ಪೆನ್ನದಿದ್ದಾಗ, ಇದು ಕ್ರೋಮ್ ಹೌದೇ ಎಂಬ ಪ್ರಶ್ನೆ ನನಗೆ ಮೊದಲ ಬಾರಿಗೆ ಹೊಳೆಯಿತು. ರೋಗಿ ಯಾರೆಂದು ತಿಳಿಯದೆ ಔಷಧ ಕೊಡುತ್ತಿದ್ದೆನಲ್ಲ!

ಪರೀಕ್ಷೆಗೆಂದು ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತವನ್ನು ತಂದು ಪಟ್ಟಿಗೆ ಹಿಡಿದೆ. ಅದು ಅಂಟಲಿಲ್ಲ. ಎಂದರೆ ಒಳಗಿರುವುದು ಸಾಮಾನ್ಯ ಉಕ್ಕಲ್ಲ. ಆ ಜ್ಞಾನೋದಯದ ಸಂಭ್ರಮದಲ್ಲಿ ಕೈ ಸಡಿಲವಾಗಿ, ಆಯಸ್ಕಾಂತ ಗಾಜಿಗೂ ರಬ್ಬರಿಗೂ ನಡುವಿನ ಸಂದಿಯಲ್ಲಿ ಜಾರಿ ಬಾಗಿಲಿನ ಹೊಟ್ಟೆಯೊಳಗೆ ಸೇರಿಕೊಂಡಿತು. ಬಾಗಿಲು ಉಕ್ಕಿನದಾದ್ದರಿಂದ ಅಲ್ಲಿ ಅದು ನೆಮ್ಮದಿಯಾಗಿ ಅಂಟಿಕೊಂಡಿರಬೇಕು, ಈವರೆಗೂ ಹೊರಬಂದಿಲ್ಲ.

ಮಂಕಾದ ಬೆಳ್ಳಿಬಣ್ಣ, ಆಯಸ್ಕಾಂತಕ್ಕೆ ಒಲಿಯದ ಗುಣ, ಹಾಲಿನಂಥ ಕಲೆ, ಈ ಮೂರನ್ನೂ ಕೂಡಿಸಿ ನೋಡಿದಾಗ ಪಟ್ಟಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಎಂಬುದು ಖಚಿತವಾಯಿತು. ಆನೊಡೈಸಿಂಗ್ ಎಂದರೆ ಬಣ್ಣ ಹಚ್ಚುವುದಲ್ಲ, ಬೇರೆ ಲೋಹದ ಲೇಪ ಕೊಡುವುದೂ ಅಲ್ಲ. ಲೋಹವನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ತು ಹಾಯಿಸಿ, ಅದರ ಮೈಯನ್ನೇ ಗಟ್ಟಿಯಾದ, ಪಾರದರ್ಶಕವಾದ ಆಕ್ಸೈಡಿನ ಪೊರೆಯನ್ನಾಗಿ ಮಾರ್ಪಡಿಸುವ ವಿದ್ಯೆ ಅದು. ಮಾಣಿಕ್ಯ, ನೀಲಗಳದ್ದೂ ಇದೇ ರಾಸಾಯನಿಕ ಕುಲ. ಹಳಗನ್ನಡದಲ್ಲಿ ಪೊರೆ ಎಂದರೆ ಕಾಪಾಡು ಎಂಬ ಅರ್ಥವೂ ಇದೆಯಷ್ಟೆ. ನಾನು ಬೆಳಗಿನಿಂದ ಶತ್ರುವೆಂದು ಉಜ್ಜುತ್ತಿದ್ದದ್ದು ಲೋಹವನ್ನು ಇಷ್ಟು ಕಾಲ ಪೊರೆದ ಪೊರೆಯನ್ನೇ. ಕೊಳೆ ಅದರ ಮೇಲೆ ಕೂತಿರಲಿಲ್ಲ, ಪೊರೆಯೇ ಸವೆದು ಸೂಕ್ಷ್ಮ ರಂಧ್ರಗಳಾಗಿ ಬೆಳಕನ್ನು ಚದುರಿಸುತ್ತಿತ್ತು. ನೀರು ಆ ರಂಧ್ರಗಳನ್ನು ತುಂಬಿದಷ್ಟು ಹೊತ್ತು ಮಾತ್ರ ಹೊಳಪು.

ಸವೆಸಿದವರು ಯಾರು? ಈ ಪೊರೆಗೆ ಸುಮಾರು 4ರಿಂದ 8.5ರವರೆಗಿನ ಪಿಎಚ್ (ಆಮ್ಲ-ಕ್ಷಾರಗಳ ಅಳತೆ) ಹಿತ. ಅದಕ್ಕಿಂತ ಹೆಚ್ಚಿನ ಕ್ಷಾರ ಅದನ್ನು ಕರಗಿಸುತ್ತದೆ. ಚಕ್ರಗಳ ಜಿಡ್ಡು ತೆಗೆಯುವ ಘಾಟು ದ್ರಾವಣವೊಂದನ್ನು ವರ್ಷಗಟ್ಟಲೆ ಉದಾರವಾಗಿ ಇಡೀ ಕಾರಿಗೆ ಎರಚಿ, ಬಿಸಿಲಿನಲ್ಲೇ ಒಣಗಲು ಬಿಟ್ಟು, ಶುಚಿತ್ವದ ಬಗ್ಗೆ ನೆರೆಹೊರೆಯವರಿಗೆ ಉಪನ್ಯಾಸ ಕೊಟ್ಟ ಮಹಾನುಭಾವ ನಾನೇ. ಆನೊಡೈಸಿಂಗ್ ಕೈಗಾರಿಕಾ ಬಳಕೆಗೆ ಬಂದದ್ದು 1923ರಲ್ಲಿ, ನೀರಿನ ಮೇಲಿಳಿಯುವ ವಿಮಾನಗಳ ಭಾಗಗಳನ್ನು ಸಮುದ್ರದ ಉಪ್ಪಿನಿಂದ ಉಳಿಸುವುದಕ್ಕಾಗಿ. ಸಮುದ್ರವನ್ನು ಎದುರಿಸಲೆಂದು ಹುಟ್ಟಿದ ವಿದ್ಯೆ ನನ್ನ ಬಕೆಟ್ಟಿನೆದುರು ಸೋತಿತು.

ಇಂಥ ಪೊರೆಯನ್ನು ಪಾಲಿಶ್ ಮಾಡಿ ಸರಿಪಡಿಸಲಾಗದು. ಪೂರ್ತಿಯಾಗಿ ತೆಗೆದು ಕೆಳಗಿನ ಲೋಹಕ್ಕೆ ಹೊಳಪು ಕೊಡಬೇಕು. ಕಾಸ್ಟಿಕ್ ಸೋಡಾ ಹಚ್ಚಿದರೆ ನಿಮಿಷಗಳಲ್ಲಿ ಕರಗುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲದೆ ಲೋಹವನ್ನೂ ತಿಂದು ಹೈಡ್ರೋಜನ್ನಿನ ಗುಳ್ಳೆಗಳನ್ನೆಬ್ಬಿಸುತ್ತದೆ, ಬಣ್ಣವನ್ನು ಕೆಡಿಸುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣನ್ನೂ ಬಿಡುವುದಿಲ್ಲ. ನನ್ನ ಪೂರ್ವಚರಿತ್ರೆಯನ್ನು ಚೆನ್ನಾಗಿ ಬಲ್ಲ ಹೆಂಡತಿ ಆ ಡಬ್ಬಿಯನ್ನು ಮಾತಿಲ್ಲದೆ ಎತ್ತಿಟ್ಟಳು.

ಉಳಿದದ್ದು ಉಜ್ಜುಕಾಗದ. ಪಟ್ಟಿಯ ಮೇಲಂಚಿಗೂ ಕೆಳಂಚಿಗೂ ಮಾಸ್ಕಿಂಗ್ ಟೇಪ್ ಹಚ್ಚಿ, 400ರ ಕಾಗದದಿಂದ ಆರಂಭಿಸಿ, ನೀರು ಚಿಮುಕಿಸುತ್ತ 600, 1000, 2000 ಎಂದು ನಯವಾದ ಕಾಗದಗಳತ್ತ ಸಾಗಬೇಕು. ಓದುವುದಕ್ಕೆ ಒಂದೇ ವಾಕ್ಯ. ಮಾಡುವುದಕ್ಕೆ ಒಂದು ಪಟ್ಟಿಗೆ ಮೂರು ಗಂಟೆ. ತಲೆಗೂದಲಿಗಿಂತಲೂ ಎಷ್ಟೋ ತೆಳುವಾದ ಆ ಪೊರೆ ಅಷ್ಟೇ ಹಠಮಾರಿ. ಅದು ಒಮ್ಮೆಲೇ ಹೋಗದೆ, ದ್ವೀಪಗಳಂತೆ ಅಲ್ಲಲ್ಲಿ ಉಳಿದುಕೊಂಡು ಪಟ್ಟಿಯನ್ನು ಭೂಪಟವನ್ನಾಗಿಸಿತು. ಅವಸರಪಟ್ಟು ಒಂದು ದ್ವೀಪವನ್ನು ಬಿಟ್ಟು ಮುಂದಿನ ಕಾಗದಕ್ಕೆ ಹೋದವನು ಮರಳಿ 400ಕ್ಕೇ ಬರಬೇಕು. ಎರಡು ಸಲ ಬಂದೆ. ನಡುವೆ ಟೇಪಿನ ತುದಿ ಬಿಟ್ಟುಕೊಂಡದ್ದು ಕಾಣದೆ ಬಾಗಿಲಿನ ಬಣ್ಣವನ್ನೂ ಉಗುರಿನಗಲ ಉಜ್ಜಿದೆ. ಇಡೀ ಕಾರಿನಲ್ಲಿ ಈಗ ಬಣ್ಣ ಹೋಗಿರುವ ಜಾಗ ಅದೊಂದೇ.

ಕೊನೆಗೆ ಪಾಲಿಶ್ ಹಚ್ಚಿ ತಿಕ್ಕಿದಾಗ ಬಟ್ಟೆ ಕಾಡಿಗೆಯಂತೆ ಕಪ್ಪಾಯಿತು. ಕೆಟ್ಟೆನೆಂದು ಹೌಹಾರಿದೆ, ಆದರೆ ಅದೇ ಶುಭಶಕುನ. ಪೊರೆ ಇರುವವರೆಗೆ ಬಟ್ಟೆ ಹಾಗೆ ಕಪ್ಪಾಗದು, ಬೆತ್ತಲೆ ಅಲ್ಯೂಮಿನಿಯಂ ಸಿಕ್ಕಾಗಲೇ ಆ ಮಸಿ. ಅದೇ ಕೈಯಿಂದ ಹಣೆಯ ಬೆವರನ್ನು ಒರೆಸಿಕೊಂಡದ್ದು ಕನ್ನಡಿಯಂಥ ಪಟ್ಟಿಯಲ್ಲಿ ಮುಖ ನೋಡಿಕೊಂಡಾಗ ತಿಳಿಯಿತು. ಈ ಸಲ ಹೆಂಡತಿಯೂ ಬಂದು ನೋಡಿ ಮೆಚ್ಚಿದಳು. ಮೆಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು ಇಡೀ ಕಾರನ್ನು ನೋಡಿ, “ಉಳಿದ ಏಳೂ ಇನ್ನಷ್ಟು ಕೆಟ್ಟು ಹೋದವಲ್ಲ” ಎಂದಳು.

ಮಾಡಿದ ಒಂದನ್ನಾದರೂ ಕಾಯ್ದುಕೊಳ್ಳಬೇಕು. ಬೆತ್ತಲೆ ಲೋಹ ಗಾಳಿಯಲ್ಲಿ ತಾನಾಗಿ ಹೊದ್ದುಕೊಳ್ಳುವ ಆಕ್ಸೈಡು ಕೆಲವೇ ನ್ಯಾನೋಮೀಟರಿನಷ್ಟು. ನಾನು ಕಿತ್ತು ಹಾಕಿದ ಪೊರೆಗೆ ಹೋಲಿಸಿದರೆ ಅದು ಇದ್ದೂ ಇಲ್ಲದಂತೆ. ಆದ್ದರಿಂದ ಆಗಾಗ ಮೇಣ ಹಚ್ಚುತ್ತಿದ್ದೇನೆ. ಮರೆತರೆ ಮಂಕು ಮತ್ತೆ ಕವಿಯುತ್ತದೆ.

ಕಳೆದ ವಾರ ಬಂದಿದ್ದ ಭಾವಮೈದುನ ಕಾರಿನ ಸುತ್ತ ಒಂದು ಸುತ್ತು ಹಾಕಿ, ಹೊಳೆಯುವ ಪಟ್ಟಿಯನ್ನೂ ಅದರ ಕೆಳಗಿನ ಬಣ್ಣ ಹೋದ ಉಗುರಿನಗಲದ ಜಾಗವನ್ನೂ ನೋಡಿ, ಬಹಳ ಮರುಕದಿಂದ, “ಭಾವ, ಈ ಬಾಗಿಲಿಗೆ ಯಾರಾದರೂ ಗುದ್ದಿದರೇ? ಪಟ್ಟಿ ಹೊಸದು ಹಾಕಿಸಿದ ಹಾಗಿದೆ” ಎಂದು ಕೇಳಿದ. ಮುಂದಿನ ತಿಂಗಳು ಅವನು ಮತ್ತೆ ಬರುತ್ತಾನಂತೆ. ಉಳಿದ ಏಳು ಪಟ್ಟಿಗಳು ಅಷ್ಟರೊಳಗೆ ಮುಗಿಯುವ ಲಕ್ಷಣವಿಲ್ಲ. ಅವನು ಬರುವ ಐದು ನಿಮಿಷ ಮೊದಲು ಕಾರಿಗೆ ಒಂದು ಬಕೆಟ್ ನೀರು ಸುರಿಯುವ ಹೊಣೆಯನ್ನು ಮಗಳಿಗೆ ವಹಿಸಿದ್ದೇನೆ.