ತಾರಸಿ ಬಾಗಿಲು ಮತ್ತು ನಮ್ಮ ದೊಡ್ಡಪ್ಪ

ದೆಹಲಿ ಪಕ್ಕದ ನೋಯ್ಡಾದ ಆ ಹುಡುಗಿ ಆರುಷಿಯನ್ನು ಕೊಂದವರು ಯಾರು ಅಂತ ನಮ್ಮ ದೊಡ್ಡಪ್ಪನಿಗೆ ಗೊತ್ತು. 2008ರ ಮೇ ತಿಂಗಳಿಂದಲೂ ಗೊತ್ತು. ಈ ನಡುವೆ ಕೊಲೆಗಾರರು ಮೂರ್ನಾಲ್ಕು ಸಲ ಬದಲಾಗಿದ್ದಾರೆ. ದೊಡ್ಡಪ್ಪನ ಖಾತ್ರಿ ಮಾತ್ರ ಒಂದು ಸಲವೂ ಬದಲಾಗಿಲ್ಲ.

ದೊಡ್ಡಪ್ಪ ತಿಪಟೂರು ಬಿಟ್ಟು ಉತ್ತರದ ಕಡೆ ಹೋದದ್ದು ಒಂದೇ ಸಲ, ಕಾಶಿಗೆ. ನೋಯ್ಡಾ ನೋಡಿಲ್ಲ. ಆದರೆ ಜಲವಾಯು ವಿಹಾರದ ಆ ಫ್ಲ್ಯಾಟು ಅವರಿಗೆ ಸ್ವಂತ ಮನೆಗಿಂತ ಚೆನ್ನಾಗಿ ಗೊತ್ತು. ಸ್ವಂತ ಮನೆಯಲ್ಲಿ ಕನ್ನಡಕ ಎಲ್ಲಿದೆ ಅಂತ ದಿನಾ ದೊಡ್ಡಮ್ಮನನ್ನು ಕೇಳಬೇಕು. ಆ ಫ್ಲ್ಯಾಟಿನಲ್ಲಿ ವಿಸ್ಕಿ ಬಾಟಲಿ ಯಾವ ಮೇಜಿನ ಮೇಲಿತ್ತು, ಹುಡುಗಿಯ ಕೋಣೆಯ ಬಾಗಿಲು ಯಾವ ಥರದ್ದು, ಏಸಿ ಎಷ್ಟು ಸದ್ದು ಮಾಡುತ್ತಿತ್ತು, ಎಲ್ಲ ನಾಲಗೆ ತುದಿಯಲ್ಲಿದೆ. ದೊಡ್ಡಪ್ಪ ಒಬ್ಬರೇ ಅಲ್ಲ ಬಿಡಿ. ಆಗ ದೇಶಕ್ಕೆ ದೇಶವೇ ದೊಡ್ಡಪ್ಪ ಆಗಿತ್ತು.

ಮರೆತವರಿಗೆ ಒಂದಿಷ್ಟು ನೆನಪು ಮಾಡುತ್ತೇನೆ. 2008ರ ಮೇ 15ರ ರಾತ್ರಿ. ನೋಯ್ಡಾದ ಸೆಕ್ಟರ್ 25. ದಂತವೈದ್ಯರಾದ ರಾಜೇಶ್ ಮತ್ತು ನೂಪುರ್ ತಲ್ವಾರ್ ಅವರ ಒಬ್ಬಳೇ ಮಗಳು ಆರುಷಿ. ಹದಿನಾಲ್ಕು ತುಂಬುವುದಕ್ಕೆ ಇನ್ನು ಒಂದು ವಾರ ಚಿಲ್ಲರೆ ಇತ್ತು. ಬೆಳಗ್ಗೆ ನೋಡಿದರೆ ಮಗು ತನ್ನ ಕೋಣೆಯಲ್ಲೇ ಕೊಲೆಯಾಗಿದ್ದಳು. ಮನೆಯಲ್ಲೇ ಇದ್ದು ಕೆಲಸ ಮಾಡುತ್ತಿದ್ದ ನೇಪಾಳದ ಹೇಮರಾಜ್ ಕಾಣೆ.

ಕಾಣೆಯಾದವನೇ ಕೊಲೆಗಾರ. ಅಲ್ಲಿಗೆ ಕೇಸು ಮುಗಿಯಿತು. ಇಪ್ಪತ್ತು ಸಾವಿರ ಬಹುಮಾನ ಘೋಷಣೆಯಾಯಿತು. ನೇಪಾಳಕ್ಕೆ ಪೊಲೀಸ್ ತಂಡ ಹೊರಟಿತು. ಮನೆಯ ತಾರಸಿ ಬಾಗಿಲಿಗೆ ಬೀಗ ಬಿದ್ದಿತ್ತು, ಅಲ್ಲಿ ರಕ್ತದ ಕಲೆ ಇತ್ತು. ಬೀಗದ ಕೈ ಸಿಗಲಿಲ್ಲ. ಬೀಗ ಒಡೆಯೋದಕ್ಕೆ ಒಂದು ಸುತ್ತಿಗೆ ಸಾಕು ಅಲ್ವಾ? ಅದಕ್ಕಿಂತ ನೇಪಾಳಕ್ಕೆ ಹೋಗಿ ಬರೋದೇ ಸಲೀಸು ಅನ್ನಿಸಿರಬೇಕು.

ಮಾರನೇ ದಿನ ಸಮಾಧಾನ ಹೇಳಲು ಬಂದವರಲ್ಲಿ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಇದ್ದರು. ಅವರ ಕಣ್ಣಿಗೆ ಕಲೆಗಳು ಬಿದ್ದವು. ಬೀಗ ಒಡೆದರು. ಹೇಮರಾಜ್ ತಾರಸಿಯ ಮೇಲೇ ಇದ್ದ. ಅವನನ್ನೂ ಕೊಂದಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆ ನಮ್ಮಲ್ಲಿ ತಮಾಷೆಗೆ ಹೇಳುವಂಥದ್ದು. ಯಾರಾದರೂ ಅದನ್ನು ಸರ್ಕಾರಿ ಖರ್ಚಿನಲ್ಲಿ ಮಾಡಿ ತೋರಿಸುತ್ತಾರೆ ಅಂತ ನಮ್ಮ ಹಿರಿಯರು ಅಂದುಕೊಂಡಿರಲಿಕ್ಕಿಲ್ಲ.

ಹೇಮರಾಜ್ ಒಂದು ದಿನ ಕೊಲೆಗಾರ ಆಗಿದ್ದ. ಮರುದಿನದಿಂದ ಸಾಕ್ಷ್ಯ ಆದ. ನಡುವೆ ಒಂದು ಗಂಟೆಯಾದರೂ ಅವನನ್ನು ಕೊಲೆಯಾದ ಮನುಷ್ಯ ಅಂತ ಯಾರಾದರೂ ನೆನೆದರೋ ಇಲ್ಲವೋ.

ಇತ್ತ ಕೆಳಗಿನ ಫ್ಲ್ಯಾಟಿನಲ್ಲಿ ಸಂತೆ ನೆರೆದಿತ್ತು. ನೆಂಟರು, ಅಕ್ಕಪಕ್ಕದವರು, ಪೊಲೀಸರು, ಕ್ಯಾಮೆರಾ ಹೊತ್ತವರು, ಎಲ್ಲರೂ ಒಳಗೆ ಹೊರಗೆ ಓಡಾಡಿದರು. ಎತ್ತಿಕೊಂಡ ಬೆರಳಚ್ಚುಗಳಲ್ಲಿ ಜಾಸ್ತಿ ಪಾಲು ಕಲಸಿಹೋಗಿದ್ದವು. ಸಾಕ್ಷ್ಯ ಕೈಬಿಟ್ಟು ಹೋದರೆ ಏನು ಮಾಡಬೇಕು? ಕಥೆ ಹೇಳಬೇಕು. ಕಥೆಗೆ ಬೆರಳಚ್ಚು ಬೇಕಿಲ್ಲ.

ಮೇ 23ರಂದು ತಂದೆಯನ್ನೇ ಬಂಧಿಸಿದರು. ಅವತ್ತು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಪತ್ರಿಕಾಗೋಷ್ಠಿ ಮಾಡಿದರು. ಆರುಷಿಯನ್ನು ಶ್ರುತಿ, ಶ್ರುತಿ ಅಂತ ಕರೆದರು. ಕೊಲೆಯಾದ ಮಗುವಿನ ಹೆಸರು ಅವರಿಗೆ ಖಚಿತ ಇರಲಿಲ್ಲ. ಮಗುವಿನ ನಡತೆ ಮಾತ್ರ ಪೂರ್ತಿ ಖಚಿತವಿತ್ತು. ಅದನ್ನು ಮೈಕಿನ ಮುಂದೆ ಬಿಡಿಸಿ ಬಿಡಿಸಿ ಹೇಳಿದರು. ಆಗಿನ ಕೇಂದ್ರ ಸಚಿವೆ ರೇಣುಕಾ ಚೌಧರಿ ಇದನ್ನು ಬಹಿರಂಗವಾಗಿಯೇ ಖಂಡಿಸಿದರು. ಆದರೆ ಅಷ್ಟು ಹೊತ್ತಿಗೆ ನಮ್ಮ ತಿಪಟೂರಿನ ಕಟಿಂಗ್ ಶಾಪಿನವರೆಗೂ ಆ ಮಾತು ಬಂದು ಕೂತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಸಿಗುತ್ತಾರೆ. ನಾವು ಒಂದು ಹೆಜ್ಜೆ ಮುಂದೆ ಹೋಗಿ ಕರುವಿಗೆ ಹೆಸರೂ ಇಟ್ಟೆವು.

ಮೇ ಕೊನೆಗೆ ಕೇಸು ಸಿಬಿಐಗೆ ಹೋಯಿತು. ಇಲ್ಲಿಂದ ನಮ್ಮ ಕರ್ನಾಟಕಕ್ಕೂ ಒಂದು ಪಾಲು ಸಿಕ್ಕಿತು. ತಂದೆಯ ಕ್ಲಿನಿಕ್ಕಿನ ಕಾಂಪೌಂಡರನನ್ನು ನಾರ್ಕೋ ಪರೀಕ್ಷೆಗೆ ಬೆಂಗಳೂರಿಗೆ ಕರೆತಂದರು. ಆಗ ಬೆಂಗಳೂರು ಐಟಿಗೆ ಎಷ್ಟು ಹೆಸರುವಾಸಿಯೋ ನಾರ್ಕೋಗೂ ಅಷ್ಟೇ. ಛಾಪಾ ಕಾಗದದ ತೆಲಗಿಯಿಂದ ಹಿಡಿದು ಎಲ್ಲರೂ ಇಲ್ಲಿಗೇ ಬರುತ್ತಿದ್ದರು. ಮಂಪರು ಔಷಧಿ ಚುಚ್ಚಿ, ಅರೆ ನಿದ್ದೆಯಲ್ಲಿದ್ದವನ ಕೆನ್ನೆ ತಟ್ಟಿ ಪ್ರಶ್ನೆ ಕೇಳುವುದು. ಆ ಹೊತ್ತಿನಲ್ಲಿ ಏನು ತೊದಲಿದರೂ ಅದು ಸತ್ಯ. ದೊಡ್ಡಪ್ಪ ಆಗ ಎದೆ ಉಬ್ಬಿಸಿಕೊಂಡು ಓಡಾಡಿದ್ದರು. "ನೋಡು, ಕೊನೆಗೆ ನಮ್ಮ ಬೆಂಗಳೂರಿಗೇ ಬರಬೇಕಾಯ್ತು!" ಟೀವಿಯವರು ಆ ಟೇಪನ್ನೂ ಹಾಕಿ ತೋರಿಸಿದರು.

ಹಾಗೆ ಮೂರು ಜನ ಕೆಲಸದವರ ಬಂಧನವಾಯಿತು. ಜುಲೈನಲ್ಲಿ ತಂದೆ ಜಾಮೀನಿನ ಮೇಲೆ ಹೊರಬಂದರು. 90 ದಿನದಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಲು ಆಗದೆ, ಸೆಪ್ಟೆಂಬರ್ ಹೊತ್ತಿಗೆ ಆ ಮೂವರೂ ಹೊರಬಂದರು. 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಯಾರಿಗೂ ನಾರ್ಕೋ ಮಾಡುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಆ ಕೇಸಿನ ಹೆಸರು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ಅದರ ಬಗ್ಗೆ ಮಾತ್ರ ದೊಡ್ಡಪ್ಪ ಎದೆ ಉಬ್ಬಿಸಲಿಲ್ಲ.

ಈಗ ಆಯುಧದ ವಿಷಯಕ್ಕೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು. ಕಾಂಪೌಂಡರ್ ನೇಪಾಳದವನು. ಆದ್ದರಿಂದ ಆಯುಧ ಕುಕ್ರಿ, ಅಂದರೆ ಅಲ್ಲಿನವರ ಬಾಗಿದ ಕತ್ತಿ. 2009ರಲ್ಲಿ ಸಿಬಿಐ ತಂಡ ಬದಲಾಯಿತು, ಅನುಮಾನ ಮತ್ತೆ ಹೆತ್ತವರ ಮೇಲೆ ಬಂತು. ಅವರು ಡಾಕ್ಟರು. ಆದ್ದರಿಂದ ಸ್ಕಾಲ್ಪೆಲ್, ಅಂದರೆ ಆಪರೇಷನ್ ಚಾಕು. ಶ್ರೀಮಂತರು ಕೂಡ. ಆದ್ದರಿಂದ ಗಾಲ್ಫ್ ಕೋಲು. ಗಾಯ ಅದೇ, ದೇಹ ಅದೇ. ಆರೋಪಿಯ ಜಾತಕ ನೋಡಿ ಆಯುಧ ಹೊಂದಿಸಿದರು. ಪುಣ್ಯಕ್ಕೆ ನಮ್ಮ ಕಡೆಯವರು ಯಾರೂ ಆ ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಈಳಿಗೆ ಮಣೆಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು.

ಆ ಗಾಲ್ಫ್ ಕೋಲಿನ ಮೇಲೆ ರಕ್ತ ಇತ್ತೇ ಅಂದಿರಾ? ಇಲ್ಲ. ಉಳಿದ ಕೋಲುಗಳಿಗಿಂತ ಕೊಳೆ ಕಡಿಮೆ ಇತ್ತು. ಅದೇ ಅನುಮಾನ. ಅಂದರೆ ತೊಳೆದಿದ್ದಾರೆ ಅಂತ ಅರ್ಥ. ಈ ಲೆಕ್ಕ ಕೇಳಿದಾಗಿನಿಂದ ನಮ್ಮ ಮನೆ ಪಾತ್ರೆ ಸ್ಟ್ಯಾಂಡ್ ಕಂಡರೆ ನನಗೆ ಭಯ.

ಏಸಿ ಕಥೆಯೂ ಹೀಗೇ. ಮೊದಲ ತಂಡ ಆ ಫ್ಲ್ಯಾಟಿನಲ್ಲೇ ಸದ್ದಿನ ಪರೀಕ್ಷೆ ಮಾಡಿಸಿತು. ಏಸಿ ಓಡುತ್ತಿದ್ದರೆ ಪಕ್ಕದ ಕೋಣೆಯ ಸದ್ದು ಹೆತ್ತವರಿಗೆ ಕೇಳಿಸದೆ ಇರಬಹುದು ಅಂತಾಯಿತು. ಎರಡನೇ ತಂಡದ ಕಾಲಕ್ಕೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ ಅಂತಾಯಿತು. ಏಸಿ ಅದೇ, ಗೋಡೆ ಅದೇ. ಇಂಟರ್ನೆಟ್ ರೌಟರ್ ರಾತ್ರಿ ಆನ್ ಆಫ್ ಆಗಿದೆ, ಆದ್ದರಿಂದ ಯಾರೋ ಎದ್ದಿದ್ದರು ಅಂತ ಇನ್ನೊಂದು ವಾದ. ಬೆಳಗ್ಗೆ ಮನೆ ತುಂಬ ಪೊಲೀಸರು ಇದ್ದಾಗಲೂ ಅದು ಹಾಗೇ ಆನ್ ಆಫ್ ಆಗುತ್ತಿತ್ತು. ನಮ್ಮ ಮನೆ ಇಂಟರ್ನೆಟ್ಟು ಒಂದು ರಾತ್ರಿಗೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ತನಿಖಾಧಿಕಾರಿಗಳಿಗೆ ಗೊತ್ತಾದರೆ ನಮ್ಮ ಇಡೀ ಬೀದಿ ಒಳಗೆ ಹೋಗಬೇಕಾಗುತ್ತದೆ.

ಇದಕ್ಕೆಲ್ಲ ಕಿರೀಟ ಇಟ್ಟ ಹಾಗೆ ಬಂದದ್ದು ದಿಂಬಿನ ಕವರು. ಕಾಂಪೌಂಡರ್ ಕೋಣೆಯಲ್ಲಿ ಒಂದು ನೇರಳೆ ಬಣ್ಣದ ದಿಂಬಿನ ಕವರು ಸಿಕ್ಕಿತ್ತು. ಅದರ ಮೇಲೆ ಹೇಮರಾಜನ ರಕ್ತ ಇದೆ ಅಂತ ಹೈದರಾಬಾದಿನ ಡಿಎನ್‌ಎ ಪ್ರಯೋಗಾಲಯ 2008ರಲ್ಲೇ ವರದಿ ಕೊಟ್ಟಿತ್ತು. ವರದಿ ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಕಡತದಲ್ಲಿ ನೆಮ್ಮದಿಯಾಗಿ ಮಲಗಿತ್ತು. 2011ರಲ್ಲಿ ಹೆತ್ತವರ ಕಡೆಯವರು ಅದನ್ನು ಎತ್ತಿ ತೋರಿಸಿದರು. ಆಗ ಸಿಬಿಐ ಏನು ಹೇಳಿತು ಗೊತ್ತೇ? ಟೈಪಿಂಗ್ ತಪ್ಪು. ಈ ಕವರಿನ ಗುರುತೂ ಹೇಮರಾಜನ ಸ್ವಂತ ದಿಂಬಿನ ಕವರಿನ ಗುರುತೂ ಅದಲು ಬದಲಾಗಿದೆ ಅಷ್ಟೇ. ಪ್ರಯೋಗಾಲಯವೂ ಹೌದು ಅಂತ ಪತ್ರ ಬರೆಯಿತು. ಪಹಣಿಯಲ್ಲಿ ನಮ್ಮ ಅಜ್ಜನ ಹೆಸರಿನ ಒಂದು ಅಕ್ಷರ ತಪ್ಪಾಗಿದ್ದಕ್ಕೆ ನಾನು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದೇನೆ. ಒಂದು ಕೊಲೆಯ ಸಾಕ್ಷ್ಯ ಮಾತ್ರ ಒಂದು ಪತ್ರದಲ್ಲಿ ತಿದ್ದುಪಡಿ ಆಗಿಬಿಡುತ್ತದೆ.

ಇನ್ನೊಂದು ಇದೆ, ಹೇಳಿದರೆ ನಂಬುವುದಿಲ್ಲ. ಸಿಬಿಐ ಹೆತ್ತವರ ಜೊತೆ ಪತ್ರವ್ಯವಹಾರ ಮಾಡಲು ಒಂದು ಇಮೇಲ್ ಖಾತೆ ತೆರೆದಿತ್ತು. ಯಾರ ಹೆಸರಲ್ಲಿ? ಹೇಮರಾಜನ ಹೆಸರಲ್ಲಿ. ವಿಚಾರಣೆಗೆ ಇಂಥ ದಿನ ಬನ್ನಿ ಅಂತ ಸತ್ತವನಿಂದ ಮೇಲ್ ಬರುತ್ತಿತ್ತು.

2010ರ ಡಿಸೆಂಬರ್ 29ರಂದು ಸಿಬಿಐ ಕೈಚೆಲ್ಲಿ ಮುಕ್ತಾಯ ವರದಿ ಸಲ್ಲಿಸಿತು. ಸಾಕ್ಷ್ಯ ಸಾಲದು, ಆದ್ದರಿಂದ ಕೇಸು ಮುಚ್ಚುತ್ತೇವೆ, ಆದರೆ ಅನುಮಾನ ಮಾತ್ರ ತಂದೆಯ ಮೇಲೆ ಅಂತ ಅದರ ಸಾರಾಂಶ. ಹಾವೂ ಸಾಯಲಿಲ್ಲ, ಗಾಲ್ಫ್ ಕೋಲೂ ಮುರಿಯಲಿಲ್ಲ. ಕೇಸು ಮುಚ್ಚಬೇಡಿ, ಇನ್ನೂ ತನಿಖೆ ಮಾಡಿ ಅಂತ ಹೆತ್ತವರೇ ಕೋರ್ಟಿಗೆ ಹೋದರು. ಕೋರ್ಟು ಅವರ ಮಾತನ್ನು ಅರ್ಧ ಕೇಳಿತು. 2011ರ ಫೆಬ್ರವರಿ 9ರಂದು, ಕೇಸು ಮುಚ್ಚುವ ಹಾಗಿಲ್ಲ ಅಂದಿತು. ಸಾಕ್ಷ್ಯ ಸಾಲದು ಅಂತ ಬರೆದಿದ್ದ ಅದೇ ವರದಿಯ ಆಧಾರದ ಮೇಲೆ ತಂದೆ ತಾಯಿ ಇಬ್ಬರನ್ನೂ ಆರೋಪಿಗಳಾಗಿ ಕರೆಯಿತು. ದನ ಕಳೆದಿದೆ, ಹುಡುಕಿಕೊಡಿ ಅಂತ ಹೋದವನನ್ನೇ ಕೊಟ್ಟಿಗೆಗೆ ಕಟ್ಟಿದ ಹಾಗಾಯಿತು.

2013ರ ನವೆಂಬರಿನಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆ. ದೊಡ್ಡಪ್ಪ ಅವತ್ತು ಫೋನ್ ಮಾಡಿ, "ನಾನು ಮೊದಲೇ ಹೇಳಿರಲಿಲ್ವೇನೋ?" ಅಂದರು. ಹೇಳಿದ್ದರು, ನಿಜ. ಎಲ್ಲರ ಹೆಸರೂ ಹೇಳಿದ್ದರು.

ಈ ತಾಯಿಯ ಬಗ್ಗೆ ಒಂದು ಮಾತು. ನೂಪುರ್ ಟೀವಿಯಲ್ಲಿ ಮಾತಾಡಿದಾಗ ಸಾಕಷ್ಟು ಅಳಲಿಲ್ಲ ಅನ್ನುವುದು ಆಗಿನ ದೊಡ್ಡ ಸುಳಿವು. ನಮ್ಮ ದೊಡ್ಡಮ್ಮ ಕೂಡ ಅದನ್ನೇ ಹಿಡಿದಿದ್ದರು. "ಕಣ್ಣಲ್ಲಿ ನೀರೇ ಇಲ್ವಲ್ಲೋ!" ಎಷ್ಟು ಅತ್ತರೆ ಸರಿ ಅಂತ ಕೇಳಿದೆ. ಹಾಗಲ್ಲ, ಜಾಸ್ತಿ ಅತ್ತರೂ ನಾಟಕ ಅನ್ನಿಸುತ್ತೆ ಅಂದರು. ಆಸ್ಟ್ರೇಲಿಯಾದಲ್ಲೂ ಹೀಗೇ ಆಗಿತ್ತು. 1980ರಲ್ಲಿ ಡಿಂಗೋ ಅನ್ನುವ ಕಾಡುನಾಯಿ ಹಸುಗೂಸನ್ನು ಹೊತ್ತೊಯ್ದಿತು ಅಂತ ತಾಯಿ ಲಿಂಡಿ ಚೇಂಬರ್ಲೇನ್ ಹೇಳಿದರು. ಗಟ್ಟಿ ಮನಸ್ಸು ಮಾಡಿಕೊಂಡು ಮಾತಾಡಿದ್ದೇ ಅವರ ಅಪರಾಧ ಆಯಿತು. ಜೈಲಿಗೂ ಹೋದರು. ನಾಯಿಯೇ ಕಾರಣ ಅಂತ ಅಧಿಕೃತವಾಗಿ ಬರೆದುಕೊಡಲು 2012 ಬರಬೇಕಾಯಿತು. ಅಳುವಿಗೆ ಲೀಟರ್ ಲೆಕ್ಕ ಇಡುವವರು ಎಲ್ಲ ಊರಲ್ಲೂ ಇದ್ದಾರೆ.

2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. ಕೆಳಗಿನ ನ್ಯಾಯಾಧೀಶರು ಗಣಿತದ ಮೇಷ್ಟ್ರ ಹಾಗೆ ಉತ್ತರ ಮೊದಲೇ ಹಿಡಿದುಕೊಂಡು ಲೆಕ್ಕ ಬಿಡಿಸಿದ್ದಾರೆ, ಸಿನಿಮಾ ನಿರ್ದೇಶಕರ ಹಾಗೆ ಚೆಲ್ಲಾಪಿಲ್ಲಿಯಾದ ಸಂಗತಿಗಳನ್ನು ಕಥೆಯಾಗಿ ಜೋಡಿಸಿದ್ದಾರೆ ಅನ್ನುವ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಅಷ್ಟರಲ್ಲಿ ಅವರು ದಾಸ್ನಾ ಜೈಲಿನಲ್ಲಿ ಹತ್ತಿರ ಹತ್ತಿರ ನಾಲ್ಕು ವರ್ಷ ಕಳೆದಿದ್ದರು. ಗಣಿತದ ಮೇಷ್ಟ್ರುಗಳ ಸಂಘದವರು ಇದನ್ನು ಯಾಕೆ ಖಂಡಿಸಲಿಲ್ಲವೋ ಕಾಣೆ. ಉತ್ತರ ಮೊದಲೇ ಹಿಡಿದುಕೊಂಡರೂ ಅವರ ಲೆಕ್ಕ ಸರಿಯಾಗಿರುತ್ತದೆ.

ಹೋದ ಯುಗಾದಿಗೆ ಎಲ್ಲರೂ ದೊಡ್ಡಪ್ಪನ ಮನೆಯಲ್ಲಿ ಸೇರಿದ್ದೆವು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಯಾರೋ ಈ ವಿಷಯ ಎತ್ತಿದರು. ದೊಡ್ಡಪ್ಪ ಎಲೆ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಬೆರಳಲ್ಲಿ ಫ್ಲ್ಯಾಟಿನ ನಕ್ಷೆ ಬರೆದರು. ಇದು ಹಾಲ್, ಇದು ಹುಡುಗಿ ರೂಮು, ಇದು ಆಳಿನ ರೂಮು. ಈ ಸಲ ಹೊಸ ಕೊಲೆಗಾರ ಬಂದಿದ್ದ. ಎಲ್ಲರೂ ಊಟ ನಿಲ್ಲಿಸಿ ಬಗ್ಗಿ ನೋಡಿದೆವು.

ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು. ಎಂಟನೇ ಕ್ಲಾಸು, ಹದಿಮೂರು ವರ್ಷ. ಅವಳೂ ನೋಡಿದಳು.

"ಅಜ್ಜ, ಮಹಡಿ ಬಾಗಿಲಿಗೆ ಬೀಗ ಇತ್ತು ಅಂದ್ರಲ್ಲ. ಅದನ್ನ ಮೊದಲನೇ ದಿನಾನೇ ಯಾಕೆ ಒಡೀಲಿಲ್ಲ?"

"ಅದು ಸಣ್ಣ ವಿಷ್ಯ ಬಿಡು ಮಗಾ," ಅಂದರು ದೊಡ್ಡಪ್ಪ, ಸುಮ್ನೆ ಕೈಯಾಡಿಸಿ. "ನೀನು ಇಲ್ಲಿ ನೋಡು. ಗಾಲ್ಫ್ ಕೋಲು ಇಲ್ಲಿತ್ತು..."