ಜಮೀನು ಮಾರುವವರ ಸಿನಿಮಾ ಕಣ್ಣು ತೆರೆಸುತ್ತಾ?

1992ರ 'ಗ್ಲೆನ್‌ಗ್ಯಾರಿ ಗ್ಲೆನ್ ರಾಸ್' ಅಮೆರಿಕದ ಜಮೀನು ಏಜೆಂಟರ ಕಥೆ. ಡೇವಿಡ್ ಮ್ಯಾಮೆಟ್ ತಮ್ಮದೇ ನಾಟಕವನ್ನು ಚಿತ್ರಕಥೆ ಮಾಡಿದರು, ಜೇಮ್ಸ್ ಫೋಲಿ ನಿರ್ದೇಶಿಸಿದರು. ಮಳೆ ಸುರಿಯುವ ಒಂದು ರಾತ್ರಿ, ಮಾರನೆಯ ಬೆಳಗ್ಗೆ. ಕಥೆ ನಡೆಯುವುದು ಇಷ್ಟರಲ್ಲೇ. ಈ ದಂಧೆಯ ಬಣ್ಣವನ್ನು ಅದು ಬಯಲು ಮಾಡುತ್ತಾ?

ಪರ

ಖಂಡಿತ ಮಾಡುತ್ತದೆ. ಆಫೀಸಿನ ಪಂದ್ಯವನ್ನೇ ನೋಡಿ. ಹೆಚ್ಚು ಮಾರಿದವನಿಗೆ ಕ್ಯಾಡಿಲಾಕ್ ಕಾರು. ಎರಡನೆಯವನಿಗೆ ಚಾಕುಗಳ ಸೆಟ್. ಉಳಿದವರು ಮನೆಗೆ.

ಜ್ಯಾಕ್ ಲೆಮನ್ ಮಾಡಿದ ಶೆಲ್ಲಿಗೆ ವಯಸ್ಸಾಗಿದೆ, ಮಗಳು ಆಸ್ಪತ್ರೆಯಲ್ಲಿದ್ದಾಳೆ. ಒಳ್ಳೆಯ ಗಿರಾಕಿಗಳ ಲೀಡ್, ಅಂದರೆ ಕೊಳ್ಳಬಹುದಾದವರ ಹೆಸರು-ವಿಳಾಸ, ಎಲ್ಲ ಮ್ಯಾನೇಜರ್ ಕೈಯಲ್ಲಿ. ಮಳೆಯಲ್ಲಿ ನಿಂತ ಕಾರಿನೊಳಗೆ ಶೆಲ್ಲಿ ಅವನನ್ನು ಅಂಗಲಾಚುತ್ತಾನೆ. ಕಮಿಷನ್‌ನಲ್ಲಿ 20 ಪರ್ಸೆಂಟ್ ಕೊಡು, ಜೊತೆಗೆ ಒಂದೊಂದು ಲೀಡ್‌ಗೂ 50 ಡಾಲರ್ ಈಗಲೇ ಇಡು ಅಂತಾನೆ ಮ್ಯಾನೇಜರ್. ಶೆಲ್ಲಿ ಹತ್ತಿರ ಅಷ್ಟು ದುಡ್ಡಿಲ್ಲ. ಅವನ ಮುಖ ನೋಡಿದರೆ ಹೊಟ್ಟೆ ಕಿವುಚುತ್ತದೆ. ಗಿರಾಕಿಯನ್ನು ಹಿಂಡುವವನನ್ನು ಹಿಂಡಲು ಮೇಲೊಬ್ಬ ಇರುತ್ತಾನೆ. ಇದನ್ನು ಇಷ್ಟು ಹತ್ತಿರದಿಂದ ತೋರಿಸಿದ ಸಿನಿಮಾ ನಾನಂತೂ ನೋಡಿಲ್ಲ. ಇನ್ನು ಸೈಟ್ ತೋರಿಸುವ ಏಜೆಂಟ್ 'ಇವತ್ತೇ ಅಡ್ವಾನ್ಸ್ ಕೊಡಿ' ಅಂತ ಅವಸರ ಮಾಡಿದಾಗ ನನಗೆ ಆ ಕಾರು ನೆನಪಾಗುತ್ತದೆ. ಅವಸರ ನನ್ನದಲ್ಲ, ಅವನದು ಅಂತ ಗೊತ್ತಾಗುತ್ತದೆ.

ವಿರೋಧ

ಆದರೆ ಜನರ ಬಾಯಲ್ಲಿ ಉಳಿದದ್ದು ಶೆಲ್ಲಿಯ ಸಂಕಟವಲ್ಲ, ಮೇಲಿನವರು ಕಳಿಸಿದ ಅಧಿಕಾರಿಯಾಗಿ ಅಲೆಕ್ ಬಾಲ್ಡ್ವಿನ್ ಮಾಡುವ ಭಾಷಣ. ಮೂಲ ನಾಟಕದಲ್ಲಿ ಆ ಪಾತ್ರವೇ ಇಲ್ಲ, ಸಿನಿಮಾಕ್ಕಂತ ಸೇರಿಸಿದ್ದು. ಅವನು ಬರುತ್ತಾನೆ, ಎಲ್ಲರನ್ನೂ ಬೈದು ಅವಮಾನ ಮಾಡುತ್ತಾನೆ, ಹೋಗುತ್ತಾನೆ. ಮಾರಾಟದ ಕೆಲಸದಲ್ಲಿರುವ ಎಷ್ಟೋ ಜನ ಅದನ್ನು ಹುರುಪು ತುಂಬುವ ಮಾತು ಅಂತಲೇ ತಗೊಂಡರು. ಬೈಗುಳ ಪಾಠವಾಗಿಬಿಟ್ಟಿತು. ತಪ್ಪು ನೋಡುವವರದು ಅನ್ನಬಹುದು. ನಾನು ಒಪ್ಪುವುದಿಲ್ಲ. ಕ್ಯಾಮೆರಾ ಅವನನ್ನು ಅಷ್ಟು ಚೆಂದ ತೋರಿಸಿದರೆ ಯಾರು ತಾನೇ ಮರುಳಾಗಲ್ಲ?

ಇನ್ನೊಂದು ನೋವು ನನಗೆ ಜಾಸ್ತಿ ಕಾಡುತ್ತದೆ. ಕೊಳ್ಳುವವರು ಎಲ್ಲಿ? ಆಲ್ ಪಚಿನೊ ಮಾಡಿದ ರೋಮ ಎಂಬ ಏಜೆಂಟ್, ಲಿಂಕ್ ಎಂಬ ಮೆತ್ತನೆ ಮನುಷ್ಯನಿಗೆ ರಾತ್ರಿ ಜಮೀನು ಮಾರಿರುತ್ತಾನೆ. ಡೀಲ್ ರದ್ದು ಮಾಡಲು ಕಾನೂನು ಮೂರು ದಿನ ಕೊಡುತ್ತದೆ. ಬೆಳಗ್ಗೆ ಲಿಂಕ್ ಬರುತ್ತಾನೆ, ಹೆಂಡತಿ ಕಳಿಸಿದ್ದಾಳೆ. ರೋಮ ಮತ್ತು ಶೆಲ್ಲಿ ತಕ್ಷಣ ನಾಟಕ ಹೂಡುತ್ತಾರೆ. ಶೆಲ್ಲಿ ದೊಡ್ಡ ಗಿರಾಕಿಯಾಗುತ್ತಾನೆ. ಈಗಲೇ ಊರಿಗೆ ಹೊರಡಬೇಕು, ಆಮೇಲೆ ಮಾತಾಡೋಣ ಅಂತ ರೋಮ ದಿನ ತಳ್ಳಲು ನೋಡುತ್ತಾನೆ. ನಾವು ಆ ಚಾಲಾಕಿತನಕ್ಕೆ ತಲೆದೂಗುತ್ತಾ ಕೂರುತ್ತೇವೆ. ಕೊನೆಗೆ ಮೋಸಹೋದ ಲಿಂಕ್‌ನೇ ರೋಮನ ಹತ್ತಿರ ಕ್ಷಮೆ ಕೇಳಿ ಹೋಗುತ್ತಾನೆ. ಆ ಹೆಂಡತಿಯ ಮುಖವನ್ನು ಸಿನಿಮಾ ಒಮ್ಮೆಯೂ ತೋರಿಸುವುದಿಲ್ಲ.